ಎರೆಹುಳುವಿನ ಮೇಲೆ ಸಂರಕ್ಷಕ ರಾಸಾಯನಿಕದ ವಿಷಪರೀಕ್ಷೆ: ನಾಲ್ಕು ವಿಧಾನಗಳ ಹೋಲಿಕೆ

ಮರಕ್ಕೆ ಗೆದ್ದಲು ಹಿಡಿಯದಂತೆ ಹಚ್ಚುವ ಬೋರಿಕ್ ಆಮ್ಲ, ಆಹಾರ ಕೆಡದಂತೆ ಬೆರೆಸುವ ಸೋಡಿಯಂ ಬೆಂಜೊಯೇಟ್, ಮರಕ್ಕೂ ಸೋಂಕುನಿವಾರಕಕ್ಕೂ ಬಳಕೆಯಾಗುವ ಕ್ವಾಟರ್ನರಿ ಅಮೋನಿಯಂ ಲವಣಗಳು: ಎಲ್ಲವೂ ಸಂರಕ್ಷಕಗಳೇ. ಆದರೆ ಮಣ್ಣಿಗೆ ಬಿದ್ದ ಮೇಲೆ ಮೂರರ ಹಾದಿಯೂ ಬೇರೆ. ಬೋರಿಕ್ ಆಮ್ಲ ಕೊಳೆಯುವುದಿಲ್ಲ, ಮಣ್ಣಿನ ತೇವದ ಜೊತೆ ಓಡಾಡಿಕೊಂಡಿರುತ್ತದೆ. ಬೆಂಜೊಯೇಟನ್ನು ಸೂಕ್ಷ್ಮಜೀವಿಗಳು ಬೇಗ ತಿಂದು ಮುಗಿಸುತ್ತವೆ. ಕ್ವಾಟರ್ನರಿ ಲವಣಗಳು ಜೇಡಿಗೂ ಜೌಗಿನ ಅರೆಕೊಳೆತ ಸಸ್ಯಾಂಶವಾದ ಪೀಟ್‌ಗೂ ಅಂಟಿ ಕೂರುತ್ತವೆ. ಯಾವ ಪರೀಕ್ಷೆ ಒಳ್ಳೆಯದು ಎಂದು ಕೇಳುವ ಮೊದಲು ಕೈಯಲ್ಲಿರುವುದು ಯಾವ ಜಾತಿಯ ರಾಸಾಯನಿಕ ಎಂದು ನೋಡಿಕೊಳ್ಳಬೇಕು.

ಹೋಲಿಕೆಗೆ ತೆಗೆದುಕೊಂಡಿರುವುದು ನಾಲ್ಕು. 48 ಗಂಟೆಯ ಫಿಲ್ಟರ್ ಪೇಪರ್ ಪರೀಕ್ಷೆ ಮತ್ತು 14 ದಿನದ ಕೃತಕ ಮಣ್ಣಿನ ಪರೀಕ್ಷೆ, ಇವೆರಡೂ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ (ಒಇಸಿಡಿ) 1984ರ 207ನೇ ಪರೀಕ್ಷಾ ಮಾರ್ಗಸೂಚಿಯಲ್ಲಿವೆ. ಎಂಟು ವಾರದ ಸಂತಾನ ಪರೀಕ್ಷೆ ಒಇಸಿಡಿ 222, 2004ರದ್ದು, 2016ರಲ್ಲಿ ಪರಿಷ್ಕೃತ. ಹುಳು ರಾಸಾಯನಿಕದ ಮಣ್ಣಿನಿಂದ ದೂರ ಸರಿಯುತ್ತದೆಯೇ ಎಂದು ನೋಡುವ ಎರಡು ದಿನದ ವಿಮುಖತೆ ಪರೀಕ್ಷೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 17512-1, 2008ರದ್ದು. ನಾಲ್ಕನ್ನೂ ಅಕ್ಕಪಕ್ಕ ಇಟ್ಟು ನೋಡಲು ಬೋರಿಕ್ ಆಮ್ಲವೇ ವಾಸಿ. ನೀರಲ್ಲಿ ಕರಗುತ್ತದೆ, ಪರೀಕ್ಷೆ ಮುಗಿಯುವವರೆಗೂ ಹಾಕಿದಷ್ಟು ಇರುತ್ತದೆ.

ಫಿಲ್ಟರ್ ಪೇಪರ್: ಅಗ್ಗ, ಚುರುಕು, ನಂಬಿಕೆಗೆ ದೂರ

8 ಸೆಂ.ಮೀ. ಉದ್ದ, 3 ಸೆಂ.ಮೀ. ವ್ಯಾಸದ ಗಾಜಿನ ಸೀಸೆಯ ಒಳಗೋಡೆಗೆ ಪೇಪರ್ ಸುತ್ತಿದರೆ ಸುಮಾರು 75 ಚದರ ಸೆಂ.ಮೀ. ಆಗುತ್ತದೆ. 0.75 ಮಿಲಿಗ್ರಾಂ ರಾಸಾಯನಿಕವಿರುವ 1 ಮಿ.ಲೀ. ದ್ರಾವಣ ಹಾಕಿದರೆ ಚದರ ಸೆಂ.ಮೀ.ಗೆ 0.01 ಮಿಲಿಗ್ರಾಂ. ಸೀಸೆಯನ್ನು ತಿರುಗಿಸುತ್ತಾ ಗಾಳಿ ಊದಿ ಒಣಗಿಸಿ, 1 ಮಿ.ಲೀ. ನೀರು ಹನಿಸಿ, ಸೀಸೆಗೊಂದು ಹುಳು ಬಿಟ್ಟು, ಅಡ್ಡ ಮಲಗಿಸಿ, 20 ಡಿಗ್ರಿ ಕತ್ತಲಲ್ಲಿ ಇಡಬೇಕು. ರಾಸಾಯನಿಕದ ಪ್ರತಿ ಪ್ರಮಾಣಕ್ಕೆ ಹತ್ತು ಸೀಸೆ. ಹುಳುಗಳನ್ನು ಅದಕ್ಕೂ ಮುಂಚೆ ಮೂರು ಗಂಟೆ ಒದ್ದೆ ಪೇಪರ್ ಮೇಲೆ ಬಿಟ್ಟು ಹೊಟ್ಟೆ ಖಾಲಿ ಮಾಡಿಸದಿದ್ದರೆ ಹಿಕ್ಕೆಯೇ ರಾಸಾಯನಿಕವನ್ನು ಹೀರಿಕೊಳ್ಳುತ್ತದೆ.

ಇಲ್ಲಿ ವಿಷ ಚರ್ಮದಿಂದ ಮಾತ್ರ ಒಳಹೋಗುತ್ತದೆ. ಮಣ್ಣೂ ಇಲ್ಲ, ಮೇವೂ ಇಲ್ಲ. ಕ್ವಾಟರ್ನರಿ ಲವಣ ಪೇಪರ್ ಮೇಲೆ ಘೋರವಾಗಿ ಕಾಣುತ್ತದೆ. ಮಣ್ಣಲ್ಲಿ ಅದರ ಬಹುಪಾಲನ್ನು ಜೇಡಿ ಹಿಡಿದಿಟ್ಟುಕೊಳ್ಳುವುದರಿಂದ ಅಷ್ಟು ಕಾಟ ಕೊಡುವುದಿಲ್ಲ. ಚದರ ಸೆಂ.ಮೀ. ಲೆಕ್ಕವನ್ನು ಕಿಲೋ ಮಣ್ಣಿನ ಲೆಕ್ಕಕ್ಕೆ ತರುವ ಸೂತ್ರವೂ ಇಲ್ಲ. ಹಲವು ರಾಸಾಯನಿಕಗಳಲ್ಲಿ ಯಾವುದು ಹೆಚ್ಚು ಕಟು ಎಂದು ಮೊದಲ ಜಾಲರಿ ಹಿಡಿಯಲು ಸಾಕು, ವರದಿಯ ತೀರ್ಮಾನಕ್ಕೆ ಬೇಡ.

ಮಣ್ಣಿನ ತಯಾರಿ

ಉಳಿದ ಮೂರಕ್ಕೂ ಬುನಾದಿ ಒಂದೇ ಕೃತಕ ಮಣ್ಣು: ಒಣ ತೂಕದಲ್ಲಿ 10% ಸ್ಫ್ಯಾಗ್ನಂ ಪೀಟ್, 20% ಕೇಯೊಲಿನ್ ಜೇಡಿ, ಉಳಿದದ್ದು ನಯವಾದ ಸ್ಫಟಿಕ ಮರಳು, ಪಿಎಚ್ 6ರ ಆಸುಪಾಸಿಗೆ ತರಲು ಚೂರು ಕ್ಯಾಲ್ಸಿಯಂ ಕಾರ್ಬೊನೇಟ್. ಪೀಟ್ ಹುಳಿ. ಸುಣ್ಣ ಬೆರೆಸಿದ ದಿನವೇ ಪಿಎಚ್ ಅಳೆದು ಸಮಾಧಾನಪಟ್ಟರೆ ಮೋಸ, ಒದ್ದೆ ಮಾಡಿ ಒಂದೆರಡು ದಿನ ಬಿಟ್ಟು ಮತ್ತೆ ಅಳೆಯಬೇಕು.

500 ಗ್ರಾಂ ಒಣ ಮಣ್ಣಿಗೆ 35% ತೇವವೆಂದರೆ 175 ಮಿ.ಲೀ. ನೀರು. ಅದರಲ್ಲಿ 75 ಮಿ.ಲೀ.ಯನ್ನು ಮೊದಲೇ ಕಲಸಿಟ್ಟು, ಉಳಿದ 100 ಮಿ.ಲೀ.ಯಲ್ಲಿ ರಾಸಾಯನಿಕ ಕರಗಿಸಿ ಸಿಂಪಡಿಸುತ್ತಾ ಕಲಸಿದರೆ ಉಂಡೆ ಕಟ್ಟದು. ಆ 100 ಮಿ.ಲೀ.ಯಲ್ಲಿ 300 ಮಿಲಿಗ್ರಾಂ ಬೋರಿಕ್ ಆಮ್ಲವಿದ್ದರೆ ಕಿಲೋಗೆ 600 ಮಿಲಿಗ್ರಾಂ. ಲೆಕ್ಕ ಯಾವಾಗಲೂ ಒಣ ತೂಕಕ್ಕೆ. ಅದೇ 300 ಮಿಲಿಗ್ರಾಂ ಅನ್ನು 675 ಗ್ರಾಂ ಒದ್ದೆ ಮಣ್ಣಿಗೆ ಭಾಗಿಸಿದರೆ 444 ಬರುತ್ತದೆ, ವರದಿಯ ಉದ್ದಕ್ಕೂ ಈ ತಪ್ಪು ಸಾಗುತ್ತದೆ. ಹದ ನೋಡಲು ಮುಷ್ಟಿಯಲ್ಲಿ ಹಿಂಡಿ: ನೀರು ತೊಟ್ಟಿಕ್ಕಬಾರದು.

ಹುಳು ಗೊಬ್ಬರದ ಗುಂಡಿಯ ಎರೆಹುಳು ಜಾತಿಗಳಾದ ಐಸೀನಿಯಾ ಫೆಟಿಡಾ ಅಥವಾ ಐಸೀನಿಯಾ ಆಂಡ್ರೇ, ಎರಡರಲ್ಲಿ ಒಂದು, ಬೆರಕೆ ಬೇಡ. ಕುತ್ತಿಗೆಪಟ್ಟಿಯಂಥ ಉಬ್ಬು ಮೂಡಿರಬೇಕು, ತೂಕ 300ರಿಂದ 600 ಮಿಲಿಗ್ರಾಂ, ವಯಸ್ಸಿನ ಅಂತರ ನಾಲ್ಕು ವಾರ ಮೀರಬಾರದು. ಗೊಬ್ಬರದ ಗುಂಡಿಯಿಂದ ಎತ್ತಿದ್ದನ್ನು ನೇರ ಬಿಡದೆ ಕನಿಷ್ಠ ಒಂದು ದಿನ ಚೊಕ್ಕ ಕೃತಕ ಮಣ್ಣಲ್ಲಿ ಒಗ್ಗಿಸಿ.

14 ದಿನವೋ, ಎಂಟು ವಾರವೋ

14 ದಿನದ ಪರೀಕ್ಷೆ ಸರಳ. ಡಬ್ಬಿಗೆ ಹತ್ತು ಹುಳು, ಪ್ರಮಾಣಕ್ಕೆ ನಾಲ್ಕು ಡಬ್ಬಿ, 20 ಡಿಗ್ರಿ, ಹಗಲಿರುಳೂ ಬೆಳಕು. ಬೆಳಕು ಹುಳು ಮೇಲೆದ್ದು ಮುಚ್ಚಳಕ್ಕೆ ಹತ್ತದಂತೆ ತಡೆಯುತ್ತದೆ. 7ನೇ ದಿನ ಮಣ್ಣು ತಟ್ಟೆಗೆ ಸುರಿದು ಎಣಿಸಿ, ಅದೇ ಮಣ್ಣಿಗೆ ಹಿಂದಿರುಗಿಸಿ, 14ರಂದು ಮತ್ತೆ ಎಣಿಸಬೇಕು. ತಲೆಯ ಕಡೆ ಮೆಲ್ಲಗೆ ಮುಟ್ಟಿದಾಗ ಮಿಸುಕದಿದ್ದರೆ ಸತ್ತಿದೆ ಎಂದರ್ಥ. ಸತ್ತ ಹುಳು ಬೇಗ ಕರಗಿಹೋಗುವುದರಿಂದ ಸಿಗದ ಹುಳುವೂ ಸತ್ತ ಲೆಕ್ಕಕ್ಕೇ. ರಾಸಾಯನಿಕ ಹಾಕದ ಡಬ್ಬಿಗಳಲ್ಲಿ 10%ಕ್ಕಿಂತ ಹೆಚ್ಚು ಸತ್ತರೆ ಇಡೀ ಪರೀಕ್ಷೆ ತಿಪ್ಪೆಗೆ.

ತೊಂದರೆ ಏನೆಂದರೆ, ಸಂರಕ್ಷಕಗಳ ವಿಷಯದಲ್ಲಿ ಸಾವು ಬಹಳ ತಡವಾಗಿ ಕಾಣುವ ಲಕ್ಷಣ. ಬೋರಿಕ್ ಆಮ್ಲದಲ್ಲಿ ಹುಳು ಸಾಯುವ ಪ್ರಮಾಣಕ್ಕೆ ಸಾಕಷ್ಟು ಮೊದಲೇ ಮರಿಗಳ ಸಂಖ್ಯೆ ಕುಸಿಯುತ್ತದೆ. ಹತ್ತಕ್ಕೆ ಹತ್ತು ಹುಳು ಬದುಕಿರುವ ಡಬ್ಬಿಯನ್ನು ನೋಡಿ "ಹಾನಿ ಇಲ್ಲ" ಎಂದು ಬರೆಯುವುದು ಈ ಪರೀಕ್ಷೆಯಲ್ಲಿ ಅತಿ ಸುಲಭ.

ಹಾಗಾಗಿ ಒಂದೇ ಪರೀಕ್ಷೆಗೆ ಅವಕಾಶವಿದ್ದರೆ ನಮ್ಮ ಆಯ್ಕೆ ಸಂತಾನ ಪರೀಕ್ಷೆ. ಪ್ರಮಾಣಕ್ಕೆ ನಾಲ್ಕು ಡಬ್ಬಿ, ರಾಸಾಯನಿಕವಿಲ್ಲದವು ಎಂಟು. ಐದು ಪ್ರಮಾಣಕ್ಕೆ ಒಟ್ಟು 280 ಹುಳು, 14 ಕಿಲೋ ಒಣ ಮಣ್ಣು. ಹುಳು ಬಿಟ್ಟ ಮರುದಿನ ಮೇಲ್ಗಡೆ 5 ಗ್ರಾಂ ಒಣ ಸೆಗಣಿ ಪುಡಿ ಉದುರಿಸಿ ನೀರು ಚಿಮುಕಿಸಬೇಕು, ಮೊದಲ ನಾಲ್ಕು ವಾರ ವಾರಕ್ಕೊಮ್ಮೆ ಮೇವು. ಡಬ್ಬಿ ತೂಗಿ ಆರಿದ ನೀರನ್ನು ತುಂಬುತ್ತಿರಬೇಕು. 28ನೇ ದಿನ ದೊಡ್ಡ ಹುಳುಗಳನ್ನೆಲ್ಲ ತೆಗೆದು ಎಣಿಸಿ, ತೂಗಿ, ಮೊಟ್ಟೆಕೋಶಗಳಿರುವ ಮಣ್ಣಿಗೆ ಇನ್ನೊಂದು 5 ಗ್ರಾಂ ಸೆಗಣಿಯನ್ನು ಕೈಯಿಂದ ಮೆಲ್ಲಗೆ ಬೆರೆಸಿ ಮತ್ತೆ 28 ದಿನ ಬಿಡಬೇಕು. ಕೊನೆಗೆ ಡಬ್ಬಿಯನ್ನು 40 ಡಿಗ್ರಿ ನೀರಲ್ಲಿ ಕೂರಿಸಿ 60ಕ್ಕೆ ಏರಿಸಿದರೆ ಇಪ್ಪತ್ತು ನಿಮಿಷದೊಳಗೆ ಮರಿಗಳು ಮೇಲಕ್ಕೆ ಬರುತ್ತವೆ. ಒಂದೇ ಸಲ ಎಣಿಸಿ ಮುಗಿಸಬೇಡಿ, ಮಣ್ಣನ್ನು ಕೈಯಾಡಿಸಿ ಮತ್ತೊಮ್ಮೆ ನೋಡಿ.

ಈ ಪರೀಕ್ಷೆ ಕೆಡುವುದು ಸಾಮಾನ್ಯವಾಗಿ ಸೆಗಣಿಯಿಂದ. ಐವರ್ಮೆಕ್ಟಿನ್‌ನಂಥ ಜಂತುನಾಶಕ ಕೊಟ್ಟ ದನ ಅಥವಾ ಕುದುರೆಯ ಸೆಗಣಿಯಾದರೆ ರಾಸಾಯನಿಕವಿಲ್ಲದ ಡಬ್ಬಿಯಲ್ಲೇ ಮರಿ ಸಿಗದೆ ಹೋಗಬಹುದು. ಹಸಿ ಸೆಗಣಿಯಾದರೆ ಅದರಿಂದ ಏಳುವ ಅಮೋನಿಯಾ ಹುಳುವಿಗೆ ಕೇಡು. ರಾಸಾಯನಿಕವಿಲ್ಲದ ಡಬ್ಬಿ ಒಂದೊಂದರಲ್ಲೂ ಕನಿಷ್ಠ 30 ಮರಿ ಇರಬೇಕು, ಡಬ್ಬಿಯಿಂದ ಡಬ್ಬಿಗೆ ಏರುಪೇರಿನ ಗುಣಾಂಕ (ಸರಾಸರಿಗೆ ಹೋಲಿಸಿದ ಏರುಪೇರು) 30% ಮೀರಬಾರದು. ಹುಳುಗಳ ಗುಣ ಪರೀಕ್ಷಿಸಲು ಶಿಲೀಂಧ್ರನಾಶಕ ಕಾರ್ಬೆಂಡಜಿಮ್ ಹಾಕಿದರೆ ಕಿಲೋಗೆ 1ರಿಂದ 5 ಮಿಲಿಗ್ರಾಂ ಒಳಗೆ ಪರಿಣಾಮ ಕಾಣಬೇಕು.

ವಿಮುಖತೆ: ಎರಡೇ ದಿನ, ಆದರೆ ಒಂದು ಕುರುಡು

ಡಬ್ಬಿಯ ಮಧ್ಯೆ ತಡೆಹಲಗೆ ಇಟ್ಟು ಒಂದು ಬದಿ ಚೊಕ್ಕ ಮಣ್ಣು, ಇನ್ನೊಂದು ಬದಿ ರಾಸಾಯನಿಕದ ಮಣ್ಣು. ಹಲಗೆ ಎತ್ತಿ, ಗೆರೆಯ ಮೇಲೆ ಹತ್ತು ಹುಳು ಬಿಟ್ಟು, ಮೇವಿಲ್ಲದೆ 48 ಗಂಟೆ ಕಾದು, ಹಲಗೆ ಮತ್ತೆ ಇಳಿಸಿ ಎಣಿಸುವುದು. ಹಲಗೆಗೆ ಸಿಕ್ಕಿ ತುಂಡಾದ ಹುಳು ಬದಿಗೆ ಅರ್ಧರ್ಧ. ಐದು ಡಬ್ಬಿಯ 50 ಹುಳುಗಳಲ್ಲಿ 40 ಚೊಕ್ಕ ಬದಿಯಲ್ಲಿದ್ದರೆ ವಿಮುಖತೆ 60%, 80% ಅಲ್ಲ: ವ್ಯತ್ಯಾಸವನ್ನು ಒಟ್ಟು ಸಂಖ್ಯೆಗೆ ಭಾಗಿಸಬೇಕು. ಮಣ್ಣು ವಾಸಕ್ಕೆ ಯೋಗ್ಯವಲ್ಲ ಎನ್ನಲು ಬಳಸುವ ಗೆರೆ ಮಾತ್ರ 80% ಹುಳು ಚೊಕ್ಕ ಬದಿಗೆ ಹೋಗುವುದು. ಈ ಎರಡು ಶೇಕಡಾಗಳನ್ನು ಬೆರೆಸಿದರೆ ಫಲಿತಾಂಶವೇ ತಲೆಕೆಳಗು.

ಎರಡೂ ಬದಿಗೆ ಒಂದೇ ಚೊಕ್ಕ ಮಣ್ಣು ಹಾಕಿದ ಡಬ್ಬಿಗಳನ್ನು ಬಿಡಲೇಬೇಡಿ. ಅಲ್ಲಿ ಹಂಚಿಕೆ 40:60 ದಾಟಿದರೆ ಹುಳುಗಳು ತೇವವನ್ನೋ ಕಿಟಕಿಯ ಬೆಳಕನ್ನೋ ನೋಡಿ ಸರಿದಿವೆ. ಒಂದು ಬದಿಗೆ ನೀರು ಸ್ವಲ್ಪ ಹೆಚ್ಚು ಬಿದ್ದರೂ ಅಷ್ಟೇ ಸಾಕು.

ಇನ್ನು ಆ ಕುರುಡು. ನರಗಳಿಗೆ ತಾಗುವ ರಾಸಾಯನಿಕದಲ್ಲಿ ಹುಳು ಓಡಿಹೋಗುವ ಮೊದಲೇ ಮರಗಟ್ಟಿ ಅಲ್ಲೇ ಉಳಿಯುತ್ತದೆ, ಲೆಕ್ಕದಲ್ಲಿ ಅದು "ಇಷ್ಟಪಟ್ಟ" ಹಾಗೆ ಕಾಣುತ್ತದೆ. ಬೋರಿಕ್ ಆಮ್ಲಕ್ಕೆ ಆ ಗೋಜಿಲ್ಲ, ಈ ಪರೀಕ್ಷೆಗೆ ಮಾನದಂಡವಾಗಿ ಬಳಸುವುದೂ ಅದನ್ನೇ.

ಬೆಂಜೊಯೇಟ್‌ನಂಥ ಬೇಗ ಕೊಳೆಯುವ ಸಂರಕ್ಷಕಕ್ಕೆ ಆಯ್ಕೆ ತಿರುಗುಮುರುಗಾಗುತ್ತದೆ. ಎಂಟು ವಾರದ ಹೊತ್ತಿಗೆ ಮಣ್ಣಲ್ಲಿ ಅದು ಇರುವುದೇ ಸಂಶಯ, ವಿಮುಖತೆಯ ಎರಡು ದಿನದಲ್ಲೇ ಹಾಕಿದ ಪ್ರಮಾಣ ಬಹುಮಟ್ಟಿಗೆ ನಿಜವಾಗಿರುತ್ತದೆ. ಸಂತಾನ ಪರೀಕ್ಷೆ ಮಾಡುವುದೇ ಆದರೆ ಮೊದಲ ದಿನ, 28ನೇ ದಿನ ಮಣ್ಣಿನ ಮಾದರಿ ತೆಗೆದು ಅಳೆಯಬೇಕು. ಜೊತೆಗೆ ಅಷ್ಟೇ ಸೋಡಿಯಂ ಇರುವಂತೆ ಉಪ್ಪು ಬೆರೆಸಿದ ಡಬ್ಬಿಯೊಂದು ಬೇಕು, ಮರಿ ಕಡಿಮೆಯಾದದ್ದು ಉಪ್ಪಿಗೋ ಬೆಂಜೊಯೇಟ್‌ಗೋ ಎಂದು ಬೇರ್ಪಡಿಸಲು. ಬೆಂಜೊಯಿಕ್ ಆಮ್ಲವನ್ನೇ ಹಾಕುವುದಾದರೆ ಉಪ್ಪಿನ ಬದಲು ಪಿಎಚ್ ಸರಿದೂಗಿಸಿದ ಮತ್ತು ಸರಿದೂಗಿಸದ ಎರಡು ಸಾಲು ಡಬ್ಬಿಗಳು.