ಮನೆ ಫೋಟೋಗಳಿಗೆ ಯಾವುದು ಸರಿ: ಶಾಟ್‌ವೆಲ್, ಎಕ್ಸ್‌ಎನ್‌ವ್ಯೂ, ಡಿಜಿಕ್ಯಾಮ್?

ಫೋಟೋ ಜೋಡಿಸಿಡುವ ಪಿಕಾಸಾ ಅನ್ನುವ ಪ್ರೋಗ್ರಾಮನ್ನು ಗೂಗಲ್ 2016ರಲ್ಲಿ ನಿಲ್ಲಿಸಿತು. ಆಮೇಲೆ ಯಾವ ಫೋಟೋ ಪ್ರೋಗ್ರಾಮ್ ನೋಡಿದರೂ ನಾನು ಮೊದಲು ಕೇಳುವುದು ಒಂದೇ: ಕೂತು ಹಾಕಿದ ಹೆಸರು, ಟ್ಯಾಗ್ (ಫೋಟೋಗೆ ಅಂಟಿಸುವ ಗುರುತಿನ ಪದ) ಎಲ್ಲಿ ಉಳಿಯುತ್ತವೆ? ಫೋಟೋ ಫೈಲಿನ ಒಳಗೋ, ಪ್ರೋಗ್ರಾಮ್ ತನಗಾಗಿ ಬೇರೆ ಇಟ್ಟುಕೊಳ್ಳುವ ಪಟ್ಟಿಯಲ್ಲೋ, ಅಂದರೆ ಡೇಟಾಬೇಸ್‌ನಲ್ಲೋ? ಪ್ರೋಗ್ರಾಮ್ ಹೋದರೂ ಫೋಟೋದಲ್ಲಿರುವವರು ಯಾರು ಅನ್ನುವುದು ಉಳಿಯಬೇಕು ಅಲ್ವಾ?

ದುಡ್ಡು ಕೊಡದೆ ಸಿಗುವ ಮೂರನ್ನು ಒಂದೇ ಫೋಲ್ಡರ್ ಮೇಲೆ ಓಡಿಸಿ ನೋಡಿದೆ. ಕರಗ, ಬಸವನಗುಡಿ ಕಡಲೆಕಾಯಿ ಪರಿಷೆ, ಲಾಲ್‌ಬಾಗ್ ಫ್ಲವರ್ ಶೋ, ಮನೆಯ ಮದುವೆ, ಮುಂಜಿ ಎಲ್ಲ ಕಲಸಿಹೋದ ಫೋಲ್ಡರ್ ಅದು.

ಶಾಟ್‌ವೆಲ್ ಲಿನಕ್ಸ್‌ನದು (ವಿಂಡೋಸ್ ಬದಲು ಬಳಸುವ ಉಚಿತ ಆಪರೇಟಿಂಗ್ ಸಿಸ್ಟಮ್), ತುಂಬಾ ಸರಳ. ಇಂಪೋರ್ಟ್ ಮಾಡಿದರೆ, ಅಂದರೆ ಫೋಟೋಗಳನ್ನು ಪ್ರೋಗ್ರಾಮಿಗೆ ಸೇರಿಸಿದರೆ, ಫೋಟೋ ತೆಗೆದ ದಿನದ ಪ್ರಕಾರ ತಾನೇ ಗುಂಪು ಮಾಡುತ್ತದೆ. ಒಂದು ಫೋಟೋಗೆ ‘ಕಡಲೆಕಾಯಿ ಪರಿಷೆ’ ಅಂತ ಕನ್ನಡದಲ್ಲೇ ಟ್ಯಾಗ್ ಹಾಕಿದೆ. ಆ ಫೈಲನ್ನು ಕಾಪಿ ಮಾಡಿ ಡಿಜಿಕ್ಯಾಮ್‌ನಲ್ಲಿ ತೆರೆದರೆ ಟ್ಯಾಗೇ ಇಲ್ಲ! ಅದು ಶಾಟ್‌ವೆಲ್ ಡೇಟಾಬೇಸ್‌ನಲ್ಲೇ ಕೂತಿತ್ತು. ಪ್ರಿಫರೆನ್ಸಸ್‌ನಲ್ಲಿ ಟ್ಯಾಗನ್ನು ಫೈಲಿಗೇ ಬರೆಯುವ ಆಯ್ಕೆ ಇದೆ. ಅದಕ್ಕೆ ಟಿಕ್ ಹಾಕಿ ಮತ್ತೆ ನೋಡಿದೆ. ಈ ಸಲ ಒಂದು ಅಕ್ಷರವೂ ಕೆಡದೆ ಬಂತು. ಇಷ್ಟು ಮುಖ್ಯವಾದ ಆಯ್ಕೆ ಮೊದಲಿನಿಂದಲೇ ಆನ್ ಆಗಿರಬೇಕಿತ್ತು.

ಎಕ್ಸ್‌ಎನ್‌ವ್ಯೂ ಎಂಪಿಯಲ್ಲಿ ಇಂಪೋರ್ಟ್ ಗೊಡವೆಯೇ ಇಲ್ಲ. ಫೋಲ್ಡರ್ ಒತ್ತಿದರೆ ಸಾಕು, ಫೋಟೋಗಳು ಸರಸರ ಬರುತ್ತವೆ. ಸುಮ್ನೆ ನೋಡುವುದಕ್ಕೆ, ಬೇಡದ್ದನ್ನು ಅಳಿಸುವುದಕ್ಕೆ, ನೂರಾರು ಫೈಲುಗಳ ಹೆಸರು ಒಟ್ಟಿಗೆ ಬದಲಿಸುವುದಕ್ಕೆ ಇದೇ ಸರಿ.

ಡಿಜಿಕ್ಯಾಮ್ ಮೊದಲ ನೋಟಕ್ಕೆ ಗಾಬರಿ ಹುಟ್ಟಿಸುತ್ತದೆ. ಎಲ್ಲಿ ನೋಡಿದರೂ ಬಟನ್. ಹಳೇ ಲ್ಯಾಪ್‌ಟಾಪ್‌ನಲ್ಲಿ ಮೊದಲ ಸ್ಕ್ಯಾನ್ ನಿಧಾನ. ಆದರೆ ಟ್ಯಾಗ್ ಒಳಗೆ ಟ್ಯಾಗ್ ಇಡಬಹುದು: ಬೆಂಗಳೂರು, ಅದರೊಳಗೆ ಬಸವನಗುಡಿ, ಅದರೊಳಗೆ ಪರಿಷೆ. ಮುಖ ಗುರುತಿಸುವ ಕೆಲಸ ನಮ್ಮ ಕಂಪ್ಯೂಟರ್‌ನಲ್ಲೇ ನಡೆಯುತ್ತದೆ, ಫೋಟೋ ಇಂಟರ್‌ನೆಟ್‌ಗೆ ಹೋಗುವುದಿಲ್ಲ. ಮನೆಯವರ ಮುಖಗಳ ವಿಷಯದಲ್ಲಿ ನನಗೆ ಇದು ಬಹಳ ಮುಖ್ಯ. ಒಂದೇ ಅಚ್ಚಿನ ಅಕ್ಕತಂಗಿಯರನ್ನು ಅದಲುಬದಲು ಮಾಡಿದ್ದುಂಟು. ಆದರೆ ಅದು ಹೆಸರನ್ನು ಸೂಚಿಸುತ್ತದೆ ಅಷ್ಟೇ, ಒಪ್ಪುವುದು ಬಿಡುವುದು ನಮ್ಮ ಕೈಯಲ್ಲಿದೆ.

ಇನ್ನು ವಾಟ್ಸಾಪ್ ಫೋಟೋಗಳು. ಅವುಗಳೊಳಗಿನ ದಿನಾಂಕ ಹಾರಿಹೋಗಿರುತ್ತದೆ, ಹಾಗಾಗಿ ಅವು ಸರಿಯಾದ ದಿನಕ್ಕೆ ಸೇರುವುದಿಲ್ಲ. ಆಂಡ್ರಾಯ್ಡ್ ಫೋನಿನದಾದರೆ ಫೈಲ್ ಹೆಸರಿನಲ್ಲಿ ಮಾತ್ರ 20191125 (2019ರ ನವೆಂಬರ್ 25) ಅಂತ ಕಳಿಸಿದ ದಿನ ಇರುತ್ತದೆ. ಶಾಟ್‌ವೆಲ್‌ನಲ್ಲಿ ದಿನಾಂಕವನ್ನು ನಾವೇ ಕೊಡಬೇಕು. ಡಿಜಿಕ್ಯಾಮ್‌ನ ಟೈಮ್ ಅಡ್ಜಸ್ಟ್‌ನಲ್ಲಿ ‘ಫೈಲ್ ಹೆಸರಿನಿಂದ’ ಅಂತ ಆರಿಸಿದರೆ ಒಟ್ಟಿಗೇ ಎಲ್ಲ ಫೋಟೋಗೂ ಆ ಹೆಸರಿನಲ್ಲಿರುವ ದಿನಾಂಕ ಕೂರುತ್ತದೆ. ನಮ್ಮ ಮನೆಯಲ್ಲಿ ವಾಟ್ಸಾಪ್‌ನಿಂದ ಬಂದ ಫೋಟೋಗಳೇ ಜಾಸ್ತಿ. ಅದಕ್ಕೇ ನಾನು ಡಿಜಿಕ್ಯಾಮ್ ಇಟ್ಟುಕೊಂಡೆ, ಪಕ್ಕದಲ್ಲಿ ಬೇಗ ನೋಡುವುದಕ್ಕೆ ಎಕ್ಸ್‌ಎನ್‌ವ್ಯೂ.