ವಿಮಾನವಿಲ್ಲದ ಅಕ್ಟೋಬರ್ ವಾರ: ಇಂಟರ್‌ರೈಲ್ ಪಾಸ್ ಬಳಸಿ ನೋಡಿದ ಮೇಲೆ

ನೆದರ್‌ಲ್ಯಾಂಡ್ಸ್‌ನ ಶಾಲೆಗಳಿಗೆ ಅಕ್ಟೋಬರ್‌ನಲ್ಲಿ ಒಂದು ವಾರ ಶರತ್ಕಾಲದ ರಜೆ ಇರುತ್ತದೆ. ಈ ಸಲ ಆ ರಜೆಯಲ್ಲಿ ವಿಮಾನ ಹತ್ತುವುದು ಬೇಡವೆಂದು ಮನೆಯಲ್ಲಿ ತೀರ್ಮಾನವಾದದ್ದರಿಂದ, ನಾನು, ಪತ್ನಿ ಮತ್ತು ಒಂಬತ್ತು ವರ್ಷದ ಮಗಳು ಯುಟ್ರೆಕ್ಟ್‌ನಿಂದ ಆಲ್ಪ್ಸ್ ದಾಟಿ ಇಟಲಿಯ ಕೋಮೋ ಸರೋವರದವರೆಗೆ ರೈಲಿನಲ್ಲೇ ಹೋಗಿ ಬಂದೆವು. ಬಳಸಿದ್ದು ಇಂಟರ್‌ರೈಲ್ ಗ್ಲೋಬಲ್ ಪಾಸ್. ಒಂದು ತಿಂಗಳೊಳಗೆ ನಮಗೆ ಬೇಕಾದ ಯಾವುದೇ ನಾಲ್ಕು ದಿನ ಪ್ರಯಾಣಿಸಬಹುದಾದ, ಎರಡನೇ ದರ್ಜೆಯ ಪಾಸ್. ಹಣ ಉಳಿಸುವುದೊಂದೇ ಉದ್ದೇಶವಾದರೆ ಇದನ್ನು ಕೊಳ್ಳುವ ಮೊದಲು ಎರಡು ಸಲ ಲೆಕ್ಕ ಹಾಕಬೇಕು. ಆದರೆ ಒಂದು ರೈಲು ತಪ್ಪಿದ ಮಾತ್ರಕ್ಕೆ ಇಡೀ ಪ್ರವಾಸ ಕೆಡಬಾರದು ಎನ್ನುವವರಿಗೆ, ದಾರಿಯನ್ನು ಸರಿಯಾಗಿ ಆರಿಸಿಕೊಂಡರೆ, ಕೊಟ್ಟ ಹಣಕ್ಕೆ ಮೋಸವಿಲ್ಲ.

ಇಂಟರ್‌ರೈಲ್ ಶುರುವಾದದ್ದು 1972ರಲ್ಲಿ. ಆಗ ಅದು 21 ವರ್ಷದೊಳಗಿನವರಿಗೆ ಮಾತ್ರ ಸಿಗುತ್ತಿತ್ತು. ಈಗ ಎಲ್ಲ ವಯಸ್ಸಿನವರೂ ಕೊಳ್ಳಬಹುದು ಮತ್ತು ಪಾಸ್ 33 ದೇಶಗಳಲ್ಲಿ ನಡೆಯುತ್ತದೆ. ನಮ್ಮವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ: ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇದು ಸಿಗುತ್ತದೆಯೇ? ಯುರೋಪಿನಲ್ಲಿ ಕಾನೂನುಬದ್ಧವಾಗಿ ವಾಸವಾಗಿದ್ದರೆ ಸಿಗುತ್ತದೆ, ಪೌರತ್ವ ಬೇಕಿಲ್ಲ. ಊರಿನಿಂದ ಪ್ರವಾಸಕ್ಕೆ ಬರುವ ಅಪ್ಪ ಅಮ್ಮಂದಿರು ಮಾತ್ರ ಇದರ ಜೋಡಿ ಪಾಸ್ ಆದ ಯೂರೇಲ್ ಕೊಳ್ಳಬೇಕಾಗುತ್ತದೆ. ನಾವು ವಾಸಿಸುವ ದೇಶದೊಳಗೆ ಇಂಟರ್‌ರೈಲ್ ಎರಡೇ ಸಲ ನಡೆಯುತ್ತದೆ, ಹೊರಡುವಾಗ ಒಂದು, ಮರಳುವಾಗ ಒಂದು. ನಾಲ್ಕರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಪಾಸ್ ಉಚಿತ, ಒಬ್ಬ ದೊಡ್ಡವರ ಜೊತೆ ಇಬ್ಬರು ಮಕ್ಕಳವರೆಗೆ. ಮಗುವಿನ ಪಾಸನ್ನು ನಮ್ಮ ಪಾಸಿನ ಜೊತೆಗೇ ಪಡೆಯಬೇಕು.

ಈ ಪಾಸಿನ ಒಳಿತು ಕೆಡುಕುಗಳೆಲ್ಲ ನಿಂತಿರುವುದು ಆಸನ ಕಾಯ್ದಿರಿಸುವಿಕೆಯ ಮೇಲೆ. ಪಾಸ್ ಇದೆಯೆಂದು ಎಲ್ಲ ರೈಲುಗಳನ್ನೂ ಸುಮ್ಮನೆ ಹತ್ತಲಾಗುವುದಿಲ್ಲ. ಫ್ರಾನ್ಸಿನ ಟಿಜಿವಿ, ಯೂರೋಸ್ಟಾರ್, ಸ್ಪೇನಿನ ವೇಗದ ರೈಲುಗಳು, ಇಟಲಿಯ ಫ್ರೆಚ್ಚಾರೊಸ್ಸಾ, ಇವಕ್ಕೆಲ್ಲ ಪಾಸಿನ ಮೇಲೆ ಬೇರೆ ಹಣ ಕೊಟ್ಟು ಆಸನ ಕಾಯ್ದಿರಿಸಲೇಬೇಕು. ಟಿಜಿವಿ, ಯೂರೋಸ್ಟಾರ್‌ಗಳಲ್ಲಿ ಪಾಸಿನವರಿಗೆಂದು ಇಟ್ಟಿರುವ ಆಸನಗಳೂ ಮಿತವಾಗಿರುವುದರಿಂದ, ರೈಲಿನಲ್ಲಿ ಜಾಗವಿದ್ದರೂ ನಮಗೆ ಸಿಗದೆ ಹೋಗಬಹುದು. ಜರ್ಮನಿಯೊಳಗಿನ ರೈಲುಗಳಲ್ಲಿ, ಸ್ವಿಟ್ಜರ್‌ಲ್ಯಾಂಡಿನ ಬಹುತೇಕ ರೈಲುಗಳಲ್ಲಿ ಮತ್ತು ಇಟಲಿಯ ಪ್ರಾದೇಶಿಕ ರೈಲುಗಳಲ್ಲಿ ಈ ರಗಳೆಯಿಲ್ಲ. ಬಂದ ರೈಲನ್ನು ಹತ್ತಿ ಕೂರಬಹುದು. ನನ್ನ ಮೊದಲ ಯೋಜನೆ ಪ್ಯಾರಿಸ್ ಮೂಲಕ ಬಾರ್ಸಿಲೋನಾಗೆ ಹೋಗುವುದಾಗಿತ್ತು. ಮೂವರ ಕಾಯ್ದಿರಿಸುವಿಕೆಯ ಶುಲ್ಕ ಕೂಡಿಸಿ ನೋಡಿದಾಗ, ಪ್ರತಿ ರೈಲಿನ ಸಮಯವನ್ನೂ ಮೊದಲೇ ಗೊತ್ತುಪಡಿಸಬೇಕಾದ ಮೇಲೆ ಪಾಸ್ ಯಾಕೆ, ಮಾಮೂಲಿ ಟಿಕೆಟ್ಟೇ ಸಾಕಲ್ಲ ಅನ್ನಿಸಿ, ಭೂಪಟದ ಮೇಲಿನ ಬೆರಳನ್ನು ಪೂರ್ವಕ್ಕೆ ಸರಿಸಿದೆ.

ಶುಕ್ರವಾರ ರಾತ್ರಿ ಹೊರಟಿದ್ದು ಜ್ಯೂರಿಕ್‌ಗೆ ಹೋಗುವ ನೈಟ್‌ಜೆಟ್‌ನಲ್ಲಿ. ಆಮ್‌ಸ್ಟರ್‌ಡ್ಯಾಮ್‌ನಿಂದ ಈ ರಾತ್ರಿ ರೈಲು 2021ರ ಡಿಸೆಂಬರ್‌ನಿಂದ ಓಡುತ್ತಿದೆ. ಮಲಗುವ ಜಾಗಕ್ಕೆ ಪಾಸಿನ ಹೊರತಾಗಿ ಹಣ ಕೊಡಬೇಕು, ಮತ್ತು ಶಾಲಾ ರಜೆಯ ವಾರವಾದ್ದರಿಂದ ತಿಂಗಳುಗಳ ಮೊದಲೇ ಕಾಯ್ದಿರಿಸದಿದ್ದರೆ ಸಿಗುವುದು ಕಷ್ಟ. ಕುಷೆಟ್ ಎಂದು ಕರೆಯುವ ಆರು ಮಂದಿಯ ಕೋಣೆ ನಮ್ಮ ಸ್ಲೀಪರ್ ಬೋಗಿಯ ಒಂದು ಅಂಕಣಕ್ಕೆ ಬಾಗಿಲು ಹಚ್ಚಿದಂತಿರುತ್ತದೆ. ಹೊದಿಕೆ ಕೊಡುತ್ತಾರೆ, ಚಹಾ ಮಾರುವವರ ಕೂಗೊಂದು ಇರುವುದಿಲ್ಲ. ಮಧ್ಯರಾತ್ರಿಗೆ ಮೊದಲು ಹತ್ತಿ, ಬೆಳಗ್ಗೆ ಅದೇ ರೈಲಿನಿಂದ ಇಳಿದರೆ ಹೊರಟ ದಿನವಷ್ಟೇ ಪಾಸಿನಲ್ಲಿ ಖರ್ಚಾಗುತ್ತದೆ. ಇಳಿದ ಮೇಲೆ ಇನ್ನೊಂದು ರೈಲು ಹತ್ತಿದರೆ ಅದು ಎರಡನೆಯ ದಿನ. ಈ ಲೆಕ್ಕ ತಿಳಿಯದೆ ಹೊರಟರೆ ನಾಲ್ಕು ದಿನದ ಪಾಸ್ ಮೂರೇ ದಿನಕ್ಕೆ ಮುಗಿದಂತಾಗುತ್ತದೆ.

ನಮ್ಮ ಎರಡನೆಯ ದಿನ ಪೂರ್ತಿ ಸಾರ್ಥಕವಾಯಿತು. ಜ್ಯೂರಿಕ್‌ನಿಂದ ಕೂರ್‌ಗೆ, ಅಲ್ಲಿಂದ ರೇಷಿಯನ್ ರೈಲ್ವೆಯ ಕಿರಿದಾದ ಹಳಿಯ ಮೇಲೆ ಸೇಂಟ್ ಮೊರಿಟ್ಜ್‌ಗೆ, ಅಲ್ಲಿ ರೈಲು ಬದಲಿಸಿ ಬೆರ್ನಿನಾ ಕಣಿವೆ ದಾಟಿ ಪೊಸ್ಕಿಯಾವೊಗೆ. ಯುನೆಸ್ಕೊ 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಈ ಮಾರ್ಗದಲ್ಲಿ ಬೆರ್ನಿನಾ ಎಕ್ಸ್‌ಪ್ರೆಸ್ ಎಂಬ, ಗಾಜಿನ ದೊಡ್ಡ ಕಿಟಕಿಗಳ ಪ್ರವಾಸಿ ರೈಲು ಓಡುತ್ತದೆ. ಅದಕ್ಕೆ ಆಸನ ಶುಲ್ಕವಿದೆ. ಅದೇ ಹಳಿಯ ಮೇಲೆ ಓಡುವ ಸಾಮಾನ್ಯ ರೈಲಿಗೆ ಪಾಸ್ ಒಂದೇ ಸಾಕು. ನನ್ನನ್ನು ಕೇಳಿದರೆ ಸಾಮಾನ್ಯ ರೈಲೇ ಮೇಲು, ಏಕೆಂದರೆ ಅದರ ಕೆಲವು ಬೋಗಿಗಳಲ್ಲಿ ಕಿಟಕಿ ತೆರೆಯುತ್ತದೆ ಮತ್ತು ಮನಸ್ಸು ಬಂದ ಕಡೆ ಇಳಿದು ಮುಂದಿನ ರೈಲಿಗೆ ಹತ್ತಬಹುದು. ಫಿಲಿಸೂರ್ ಎಂಬ ಊರಿಗೆ ಸ್ವಲ್ಪ ಮೊದಲು 65 ಮೀಟರ್ ಎತ್ತರದ ಲಾಂಡ್‌ವಾಸರ್ ಸೇತುವೆ ಬಿಲ್ಲಿನಂತೆ ಬಾಗಿ ನೇರವಾಗಿ ಬಂಡೆಯೊಳಗಿನ ಸುರಂಗಕ್ಕೆ ಹೊಗುತ್ತದೆ. ಹಿಂದಿನ ಬೋಗಿಯಲ್ಲಿದ್ದುದರಿಂದ ನಮ್ಮ ರೈಲಿನ ಮುಂಭಾಗವನ್ನು ಬಂಡೆ ನುಂಗುವುದು ನಮಗೇ ಕಂಡಿತು.

ಮುಂದೆ 2,253 ಮೀಟರ್ ಎತ್ತರದ ಓಸ್ಪಿಟ್ಸಿಯೊ ಬೆರ್ನಿನಾ ನಿಲ್ದಾಣ. ಹಲ್ಲುಹಳಿಯ ನೆರವಿಲ್ಲದೆ, ನೂರು ಮೀಟರಿಗೆ ಏಳು ಮೀಟರಿನಷ್ಟು ಏರನ್ನು ಈ ರೈಲು ಹತ್ತುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ನಮ್ಮ ಘಟ್ಟದ ಹಳಿಯಲ್ಲಿ ಅದು ನೂರಕ್ಕೆ ಎರಡು. ಅಕ್ಟೋಬರ್‌ನಲ್ಲಿ ಇಲ್ಲಿಗೆ ಬರಲು ಕಾರಣ ಲಾರ್ಚ್ ಮರ. ಪೈನ್ ಜಾತಿಯದೇ ಆದರೂ ಇದು ಚಳಿಗಾಲಕ್ಕೆ ಮೊದಲು ಎಲೆ ಉದುರಿಸುತ್ತದೆ, ಉದುರಿಸುವ ಮುನ್ನ ಸೂಜಿಯಂಥ ಎಲೆಗಳೆಲ್ಲ ಹೊಂಬಣ್ಣಕ್ಕೆ ತಿರುಗುತ್ತವೆ. ಮೇಲೆ ಹೊಸ ಹಿಮ, ಕೆಳಗೆ ಅರಿಸಿನ ಚೆಲ್ಲಿದಂಥ ಕಾಡು. ಒಂದು ಎಚ್ಚರಿಕೆ: ಬೇಸಿಗೆ ಮುಗಿದು ಸ್ಕೀಯಿಂಗ್ ಶುರುವಾಗುವ ನಡುವಿನ ಈ ಸಮಯದಲ್ಲಿ ಬೆಟ್ಟದ ಅನೇಕ ಕೇಬಲ್ ಕಾರುಗಳೂ ಹೋಟೆಲುಗಳೂ ಮುಚ್ಚಿರುತ್ತವೆ.

ಪಾಸ್ ಇರುವುದು ಮೊಬೈಲಿನ ಆ್ಯಪ್‌ನಲ್ಲಿ. ಹತ್ತುವ ಪ್ರತಿ ರೈಲನ್ನೂ ಹತ್ತುವ ಮೊದಲೇ ಅದರಲ್ಲಿ ಸೇರಿಸಿರಬೇಕು. ಕೂರ್‌ನಲ್ಲಿ ಒಂದು ಗಂಟೆ ಮೊದಲಿನ ರೈಲು ಸಿಕ್ಕಿತೆಂದು ಓಡಿ ಹತ್ತಿದ ನಾನು ಇದನ್ನು ಮರೆತಿದ್ದೆ. ಟಿಕೆಟ್ ನೋಡುವವರು ಬಂದಾಗ ತಡಬಡಾಯಿಸಿದೆ. ಅವರು ಏನೂ ಅನ್ನದೆ ಮುಂದಿನ ಸಾಲುಗಳನ್ನು ನೋಡಿಕೊಂಡು ಐದು ನಿಮಿಷ ಬಿಟ್ಟು ಮರಳಿ ಬಂದರು. ಎಲ್ಲರೂ ಹೀಗೇ ಇರುತ್ತಾರೆಂದು ನಂಬಿ ಕೂರಬಾರದು. ಇನ್ನೊಂದು ವಿಷಯವನ್ನು ಹೊರಡುವ ಮೊದಲೇ ನೋಡಿಕೊಳ್ಳಬೇಕು: ಸ್ವಿಟ್ಜರ್‌ಲ್ಯಾಂಡ್ ಯುರೋಪಿಯನ್ ಒಕ್ಕೂಟದಲ್ಲಿಲ್ಲದ ಕಾರಣ ಒಕ್ಕೂಟದ ರೋಮಿಂಗ್ ನಿಯಮ ಅಲ್ಲಿ ಅನ್ವಯಿಸುವುದಿಲ್ಲ. ಸಿಮ್ ಕಂಪನಿಯ ಪ್ಯಾಕ್‌ನಲ್ಲಿ ಆ ದೇಶ ಸೇರಿರದಿದ್ದರೆ, ರೈಲು ಸೇರಿಸಲು ಇಂಟರ್‌ನೆಟ್ ಇಲ್ಲದೆ ಒದ್ದಾಡಬೇಕು, ಇಲ್ಲವೇ ದುಬಾರಿ ಬಿಲ್ ಕಟ್ಟಬೇಕು. ರೈಲಿನೊಳಗೆ ಗಡಿ ಪೊಲೀಸರು ತಪಾಸಣೆಗೆ ಬರುವುದೂ ಉಂಟು. ವಾಸದ ಪರವಾನಗಿಯ ಜೊತೆಗೆ ಪಾಸ್‌ಪೋರ್ಟ್ ಕೂಡ ಕೈಚೀಲದಲ್ಲಿರಲಿ.

ಪೊಸ್ಕಿಯಾವೊದಲ್ಲಿ ಎರಡು ರಾತ್ರಿ ತಂಗಿ, ಟಿರಾನೊ ಮೂಲಕ ಕೋಮೋ ಸರೋವರದ ದಂಡೆಯ ವರೆನ್ನಾಗೆ ಹೋಗುವಾಗ ಪಾಸ್ ಮುಟ್ಟಲಿಲ್ಲ. ಅಷ್ಟು ದಾರಿಗೆ ಮಾಮೂಲಿ ಟಿಕೆಟ್ ಅಗ್ಗ. ಅದಕ್ಕಾಗಿ ಪಾಸಿನ ಒಂದು ದಿನ ಕಳೆಯುವುದು ದಂಡ. ಬ್ರೂಸಿಯೊ ಎಂಬಲ್ಲಿ ರೈಲು ಬಯಲಿನಲ್ಲೇ ಒಂಬತ್ತು ಕಮಾನುಗಳ ಸೇತುವೆಯ ಮೇಲೆ ಪೂರ್ತಿ ಒಂದು ಸುತ್ತು ಹಾಕಿ ತನ್ನದೇ ಸೇತುವೆಯ ಕೆಳಗೆ ನುಸುಳುತ್ತದೆ. ಮಗಳು ಅದನ್ನು ಇನ್ನೊಮ್ಮೆ ತೋರಿಸೆಂದು ಹಟ ಹಿಡಿದಳು. ಸಸ್ಯಾಹಾರಿಗಳಿಗೆ ಟಿರಾನೊ ಕಡೆಯ ಪಿಟ್ಸೊಕ್ಕೆರಿ ಒಳ್ಳೆಯ ಊಟ. ಉತ್ತರ ಭಾರತದವರು ಉಪವಾಸಕ್ಕೆ ಬಳಸುವ ಕುಟ್ಟು ಹಿಟ್ಟಿನ ಪಟ್ಟಿಗಳನ್ನು ಆಲೂಗಡ್ಡೆ, ಎಲೆಕೋಸಿನ ಜೊತೆ ಬೇಯಿಸಿ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಬೆಣ್ಣೆ ಮತ್ತು ಚೀಸ್ ಸುರಿಯುತ್ತಾರೆ. ಚಳಿಗೆ ಹಿತ. ಖಾರ ಮಾತ್ರ ಇಲ್ಲವೇ ಇಲ್ಲ, ಚಟ್ನಿಪುಡಿಯ ಡಬ್ಬಿ ಆಗ ಹೊರಬಂತು.

ಮರಳುವಾಗ ಮಿಲಾನ್‌ನಿಂದ ನೇರವಾಗಿ ಜ್ಯೂರಿಕ್‌ಗೆ ಹೋಗುವ ರೈಲಿನಲ್ಲಿ ಆಸನ ಕಡ್ಡಾಯ. ಅದರ ಬದಲು ಪ್ರಾದೇಶಿಕ ರೈಲಿನಲ್ಲಿ ಗಡಿಯ ಕಿಯಾಸ್ಸೊಗೆ, ಅಲ್ಲಿಂದ ಬೆಲಿಂಜೋನಾಗೆ ಹೋಗಿ ಬಾಸೆಲ್ ಕಡೆಯ ಟ್ರೆನೊ ಗೊಟ್ಟಾರ್ಡೊ ಹತ್ತಿದೆವು. 2016ರಲ್ಲಿ ತೆರೆದ 57 ಕಿಲೋಮೀಟರ್ ಉದ್ದದ ಹೊಸ ಸುರಂಗಕ್ಕೆ ಹೊಗದೆ, ಇದು 1882ರ ಹಳೆಯ ಬೆಟ್ಟದ ದಾರಿಯಲ್ಲೇ ಹೋಗುತ್ತದೆ. ವಾಸ್ಸೆನ್ ಎಂಬ ಹಳ್ಳಿಯ ಬಿಳಿಯ ಇಗರ್ಜಿ ಮೊದಲು ನಮ್ಮ ಕಾಲ ಕೆಳಗೆ, ಬೆಟ್ಟದೊಳಗೆ ಒಂದು ಸುತ್ತು ಹಾಕಿ ಹೊರಬಂದ ಮೇಲೆ ಕಣ್ಣ ಮಟ್ಟದಲ್ಲಿ, ಇನ್ನೊಂದು ಸುತ್ತಿನ ಬಳಿಕ ತಲೆಯ ಮೇಲೆ ಕಾಣುತ್ತದೆ. ಗಂಟೆ ಹೆಚ್ಚು ಹಿಡಿದರೂ ಈ ದಾರಿಯನ್ನೇ ಆರಿಸಬೇಕು.

ಕೊನೆಯ ದಿನ ನಮ್ಮ ಒಂದು ರೈಲು ಐವತ್ತು ನಿಮಿಷ ತಡವಾಗಿ ಮುಂದಿನದು ತಪ್ಪಿತು. ಅಗ್ಗದ ಟಿಕೆಟ್ ಕೊಂಡು ಒಂದೇ ರೈಲಿಗೆ ಕಟ್ಟುಬಿದ್ದವರು ವಿಚಾರಣೆಯ ಕೌಂಟರಿನ ಮುಂದೆ ಸಾಲು ನಿಂತಿದ್ದಾಗ, ನಾನು ಆ್ಯಪ್‌ನಲ್ಲಿ ಒಂದನ್ನು ಅಳಿಸಿ ಇನ್ನೊಂದನ್ನು ಸೇರಿಸಿದೆ, ಅಷ್ಟೇ. ಬದಲಿ ರೈಲು ಮೈಂಜ್ ಮತ್ತು ಕೊಬ್ಲೆಂಜ್ ನಡುವೆ ರೈನ್ ನದಿಯ ದಂಡೆಗುಂಟ, ಹಳದಿಗೆ ತಿರುಗಿದ ದ್ರಾಕ್ಷಿತೋಟಗಳ ಕೆಳಗೇ ಸಾಗಿದ್ದು ನಮ್ಮ ಅದೃಷ್ಟ.

ಮನೆಗೆ ಬಂದು ಲೆಕ್ಕ ಹಾಕಿದಾಗ, ಇದೇ ದಾರಿಗೆ ಮೂರು ತಿಂಗಳ ಮೊದಲೇ ಬಿಡಿ ಟಿಕೆಟ್ ಕೊಂಡಿದ್ದರೆ ದೊಡ್ಡವರಿಬ್ಬರಿಗೆ ಸ್ವಲ್ಪ ಕಡಿಮೆಯೇ ಆಗುತ್ತಿತ್ತು; ಮಗಳ ಪಾಸ್ ಉಚಿತವಾದ್ದರಿಂದ ಅದು ಸರಿಹೋಯಿತು. ಒಂದೇ ಊರಿಗೆ ಹೋಗಿ ವಾರವೆಲ್ಲ ಅಲ್ಲೇ ಇದ್ದು ಬರುವವರಿಗೆ ಪಾಸ್ ಬೇಕಿಲ್ಲ. ನಾವು ಮುಂದಿನ ಸಲ ಐದು ದಿನದ್ದನ್ನು ಕೊಳ್ಳುತ್ತೇವೆ, ಮಗಳು ಬ್ರೂಸಿಯೊ ಸೇತುವೆಯನ್ನು ಕೆಳಗಿನಿಂದ ಮೇಲಕ್ಕೂ ಸುತ್ತಬೇಕಂತೆ.