ತ್ರಾಸಿ–ಮರವಂತೆ ಕಡೆ ಹೊರಟವರೇ, ಅಲೆ ಒಡೆಯದ ನೀರನ್ನು ನಂಬಬೇಡಿ

ದಸರಾ ರಜೆಯಲ್ಲಿ ಮನೆಮಂದಿಯೆಲ್ಲ ಕುಂದಾಪುರದ ಕಡೆ ಹೋಗಿದ್ದಾಗ ನನ್ನ ತಮ್ಮ ಸಮುದ್ರದ ಪಾಲಾಗುವುದು ಸ್ವಲ್ಪದರಲ್ಲಿ ತಪ್ಪಿತು. ಕ್ರಿಸ್‌ಮಸ್ ರಜೆಗೆ ಅದೇ ಕಡೆ ಹೊರಟವರು ಬಹಳ ಜನ ಇರುತ್ತೀರಿ, ದಯವಿಟ್ಟು ಇದನ್ನು ಓದಿ.

ಹೆದ್ದಾರಿ ಬದಿಯಲ್ಲಿ ಜನಜಂಗುಳಿ ಎಂದು ನಾವು ಉಳಿದಿದ್ದ ಹೋಮ್‌ಸ್ಟೇಯವರು ಮೀನುಗಾರರ ಕೇರಿಯ ಆಚೆಗಿನ ಮರಳಿಗೆ ಕಳಿಸಿದರು. "ಅಲ್ಲಿ ಅಲೆ ಕಡಿಮೆ, ಮಕ್ಕಳು ಆಡೋಕೆ ಚೆನ್ನಾಗಿದೆ" ಅಂದರು. ಹೋಗಿ ನೋಡಿದರೆ ಹಾಗೇ ಇತ್ತು. ಎಡಕ್ಕೂ ಬಲಕ್ಕೂ ಬೆಳ್ಳಗೆ ನೊರೆಯೆದ್ದು ಅಲೆ ಒಡೆಯುತ್ತಿದ್ದವು, ನಡುವೆ ಒಂದು ಪಟ್ಟಿ ನೀರು ಮಾತ್ರ ಸುಮ್ಮನಿತ್ತು. ಯಾರಿಗಾದರೂ ಅಲ್ಲೇ ಇಳಿಯೋಣ ಅನ್ನಿಸುತ್ತದೆ. ತಮ್ಮ ಇಳಿದ. ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು "ಹ್ವಾಯ್, ಅಲ್ಲ್ ಇಳುಕಾಗ!" ಎಂದು ಕೂಗುತ್ತ ಓಡಿಬಂದರು. ಅಷ್ಟರಲ್ಲಿ ಸೊಂಟದ ಮಟ್ಟದಲ್ಲಿ ನಿಂತಿದ್ದವನು ಕಾಲು ಎಟುಕದ ಕಡೆ ಹೋಗಿಬಿಟ್ಟಿದ್ದ.

ಆ ಸುಮ್ಮನಿದ್ದ ಪಟ್ಟಿಯೇ ಸೆಳೆತ. ದಡಕ್ಕೆ ಬಂದು ಬೀಳುವ ನೀರು ಮರಳುದಿಣ್ಣೆಗಳ ನಡುವಿನ ಆಳದ ಜಾಗ ಹಿಡಿದು ಕಾಲುವೆಯಂತೆ ಹಿಂದಕ್ಕೆ ಹರಿಯುತ್ತದೆ. ಆಳ ಇರುವುದರಿಂದಲೇ ಅಲ್ಲಿ ಅಲೆ ಒಡೆಯುವುದಿಲ್ಲ. ಜೋರಿದ್ದಾಗ ಅದರ ವೇಗ ಸೆಕೆಂಡಿಗೆ 2 ಮೀಟರ್ ಮುಟ್ಟುತ್ತದೆ, ಎಂಥ ಈಜುಗಾರರಿಗೂ ಅದಕ್ಕೆ ಎದುರಾಗಿ ದಡ ಸೇರಲು ಆಗುವುದಿಲ್ಲ. ಊರ ಕೆರೆಯನ್ನು ದಡದಿಂದ ದಡಕ್ಕೆ ಈಜುವ ನನ್ನ ತಮ್ಮ ನೇರ ನಮ್ಮ ಕಡೆಗೇ ಈಜಿದ, ಈಜಿದಷ್ಟೂ ದೂರವಾದ. ಅಮ್ಮ ಅವನ ಹೆಸರು ಕೂಗುತ್ತಲೇ ಇದ್ದಳು. ಮೀನುಗಾರರು ಪಕ್ಕಕ್ಕೆ ಈಜು ಎಂದು ಕೈ ಬೀಸಿದ್ದು ಅವನಿಗೆ ಕಾಣಿಸಿತಲ್ಲ, ಅದೇ ನಮ್ಮ ಪುಣ್ಯ. ಸೆಳೆತ ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಗಾಬರಿಬಿದ್ದು ಅದರ ಜೊತೆ ಗುದ್ದಾಡಿ ಸುಸ್ತಾದವರು ಮುಳುಗುತ್ತಾರೆ. ದಡದುದ್ದಕ್ಕೆ ಪಕ್ಕಕ್ಕೆ ಸರಿಯಬೇಕು, ಆಗದಿದ್ದರೆ ಅಂಗಾತ ತೇಲಿ ಕೈ ಎತ್ತಬೇಕು.

ಭಾವ ನೀರಿಗೆ ಹಾರಲು ಹೊರಟಾಗ ಮೀನುಗಾರರೇ ತಡೆದರು. ಉಳಿಸಲು ಹೋದವರೂ ಮುಳುಗಿದ್ದು ಕರಾವಳಿಯಲ್ಲಿ ಎಷ್ಟೋ ಸಲ ಆಗಿದೆ. ಹಗ್ಗ, ಖಾಲಿ ಕ್ಯಾನ್, ತೇಲುವಂಥದ್ದು ಏನಿದ್ದರೂ ಎಸೆಯಿರಿ, 112ಕ್ಕೆ ಕರೆ ಮಾಡಿ. ನಮ್ಮವನನ್ನು ಇಬ್ಬರು ಪಾತಿ ದೋಣಿಯಲ್ಲಿ ಹೋಗಿ ಎತ್ತಿಕೊಂಡು ಬಂದರು. ಹಣ ಕೊಡಹೋದರೆ ಮುಟ್ಟಲಿಲ್ಲ, "ಮೊದ್ಲ್ ಆಸ್ಪತ್ರೆಗೆ ಕರ್ಕೊಂಡ್ ಹೋಯ್ನಿ" ಎಂದರು. ಎದ್ದು ಕೂತು ಮಾತಾಡುತ್ತಿದ್ದವನಿಗೆ ರಾತ್ರಿ ಕೆಮ್ಮು ಏರಿ ಆಮ್ಲಜನಕ ಕೊಡಬೇಕಾಯಿತು. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ತೊಂದರೆ ಕೆಲವು ಗಂಟೆ ಕಳೆದ ಮೇಲೂ ಕಾಣಿಸಿಕೊಳ್ಳುತ್ತದೆ ಎಂದರು ವೈದ್ಯರು.

ಮಳೆಗಾಲ ಮುಗಿಯಿತು ಎಂಬ ಧೈರ್ಯವೂ ಬೇಡ. ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾಗಿದ್ದು 2024ರ ಡಿಸೆಂಬರ್‌ನಲ್ಲಿ. ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ, ಕಡಲ್ಕೊರೆತಕ್ಕೆ ಹಾಕಿದ ಕಲ್ಲುಗಳ ಪಕ್ಕ ಇಳಿಯಲೇಬೇಡಿ. ಮರಳು ಜಾಗ ಬದಲಿಸುತ್ತಲೇ ಇರುತ್ತದೆ, ನಿನ್ನೆ ಆಡಿದ ಜಾಗದಲ್ಲಿ ಇವತ್ತು ಸೆಳೆತ ಇರಬಹುದು. ಜೀವರಕ್ಷಕರಿಲ್ಲದ ಕಡೆ ನೀರಿಗಿಳಿಯುವ ಯೋಚನೆ ಬಿಡಿ. ದಡದಲ್ಲಿ ಬಲೆ ಹಿಡಿದು ಕೂತವರು ಬೇಡ ಅಂದರೆ ಮರುಮಾತಿಲ್ಲದೆ ಹಿಂದೆ ಬನ್ನಿ.

ನಡೆದದ್ದನ್ನು ಹೋಮ್‌ಸ್ಟೇಯವರಿಗೆ ಹೇಳಿದಾಗ "ಇಲ್ಲಿ ಇದೆಲ್ಲ ಮಾಮೂಲಿ" ಅಂದರು. ಮಾಮೂಲಿ ಎಂದು ಗೊತ್ತಿದ್ದವರು ನಮ್ಮನ್ನು ಅಲ್ಲಿಗೇ ಕಳಿಸಿದ್ದು ಯಾಕೆ?